ಎಂಟು ದಿನ ಒಣಗಿದ ಅಚ್ಚು: ವಾಸ್ಕೋದ ಒಂದು ಗ್ಯಾಲರಿಯಲ್ಲಿ ಸೀಸ ಎರೆದ ಪ್ರಕರಣ

ಇದು ಗೋವೆಯ ವಾಸ್ಕೋದಲ್ಲಿ ನಮ್ಮ ಕಟ್ಟಡದಲ್ಲೇ ನಡೆದದ್ದು. ಯಾರ ಮನೆಯಲ್ಲಿ ನಡೆಯಿತೋ ಅವರೇ ಬರೆಯಿರಿ ಎಂದಿದ್ದಾರೆ. ಹೆಸರು ಮಾತ್ರ ಬೇಡ ಎಂದಿದ್ದಾರೆ. ಹಾಗಾಗಿ ಅವನನ್ನು ತಮ್ಮ ಎನ್ನುತ್ತೇನೆ. ನಾನು ಅವನನ್ನು ಕರೆಯುವುದೂ ಹಾಗೆಯೇ. ಅವನು ನನಗೆ ಕಾಕಾ ಎನ್ನುತ್ತಾನೆ.

ತಮ್ಮ ಹಾವೇರಿ ಕಡೆಯವನು. ಬಂದರಿನ ಹತ್ತಿರ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ. ಹೆಂಡತಿ, ಎರಡೂವರೆ ವರ್ಷದ ಮಗಳು. ಎರಡು ಕೋಣೆಯ ಮನೆ, ರಸ್ತೆ ಕಡೆಗೆ ಒಂದು ಗ್ಯಾಲರಿ, ಅಂದರೆ ಬಾಲ್ಕನಿ. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ 27 ವರ್ಷ ಫೌಂಡ್ರಿ ಕೆಲಸ, ಅಂದರೆ ಲೋಹ ಕರಗಿಸಿ ಅಚ್ಚಿಗೆ ಎರೆಯುವ ಕೆಲಸ ಮಾಡಿದವನು. ಈಗ ಮಗಳ ಮನೆಯಲ್ಲಿದ್ದೇನೆ, ಅವರ ಕೆಳಗಿನ ಮಹಡಿಯಲ್ಲಿ.

ತಮ್ಮನಿಗೆ ಮೀನು ಹಿಡಿಯುವ ಹುಚ್ಚು. ಊರಲ್ಲಿ ವರದಾ ಹೊಳೆಯಲ್ಲಿ ಗಾಳ ಹಾಕಿ ಬೆಳೆದವನಿಗೆ ಇಲ್ಲಿ ಜುವಾರಿ ನದಿ ಸಿಕ್ಕಿತು. ರಜೆ ಬಂತೆಂದರೆ ಕೊರ್ತಾಲಿಂ ಕಡೆಯ ದಡದಲ್ಲೋ, ಬೈನಾದ ಬಂಡೆಗಳ ಮೇಲೋ ಇರುತ್ತಾನೆ. ಅವನಿಗೆ ಬೇಕಾದದ್ದು ಚೊಣಕ್. ಚೊಣಕ್ ಬಂಡೆ ಸಂದಿಯ ಮೀನು. ಗಾಳಕ್ಕೆ ಕಟ್ಟಿದ ಸೀಸದ ಗುಂಡು ಆ ಸಂದಿಗೆ ಇಳಿಯಬೇಕು. ಇಳಿದದ್ದು ಎಷ್ಟೋ ಸಲ ಮೇಲೆ ಬರುವುದೇ ಇಲ್ಲ. ದಾರ ಕತ್ತರಿಸಬೇಕಾಗುತ್ತದೆ. ಒಂದು ಭಾನುವಾರಕ್ಕೆ ಐದಾರು ಗುಂಡು ನೀರಿಗೆ ಹೋಗುತ್ತಿದ್ದವು. ಮನೆಯಲ್ಲೇ ಎರೆದುಕೊಂಡರೆ ಆಯಿತಲ್ಲ ಎಂದು ಅವನು ಯೋಚಿಸಿದ್ದು ಸಹಜ. ಮೀನು ಹಿಡಿಯುವವರು ಎಷ್ಟೋ ಜನ ಇದನ್ನೇ ಮಾಡುತ್ತಾರೆ.

ಮೊದಲ ಎಂಟು ತಿಂಗಳು ಅವನು ಎರೆದದ್ದು ಸ್ಟೀಲ್ ಚಮಚದಲ್ಲಿ. ಹಳೇ ಬಾಣಲೆಯಲ್ಲಿ ಸೀಸ ಕರಗಿಸಿ, ಚಮಚಕ್ಕೆ ಸುರಿದು, ಆರಿದ ಮೇಲೆ ತಟ್ಟಿ ತೆಗೆದು, ತೂತು ಕೊರೆಯುವುದು. ಒಂದು ಸಲವೂ ಏನೂ ಆಗಲಿಲ್ಲ. ಸ್ಟೀಲ್ ನೀರು ಕುಡಿಯುವುದಿಲ್ಲ, ಚಮಚದ ಬಾಯಿ ಪೂರ್ತಿ ತೆರೆದಿರುತ್ತದೆ. ಆ ಎಂಟು ತಿಂಗಳು ಅವನಿಗೆ ಧೈರ್ಯ ಕೊಟ್ಟವು. ಆ ಧೈರ್ಯದ ಮೇಲೆ ಅವನು ಪ್ಲಾಸ್ಟರ್ ಅಚ್ಚಿಗೆ ಇಳಿದ.

ಅಚ್ಚು ಹೇಗೆ ಮಾಡಿದ

ಚಮಚದ ಗುಂಡು ಚಪ್ಪಟೆ. ಹರಿವಿಗೆ ಸಿಕ್ಕಿದರೆ ತಿರುಗುತ್ತದೆ, ದಾರ ಸುತ್ತಿಕೊಳ್ಳುತ್ತದೆ. ಅವನಿಗೆ ಪೇರಳೆ ಹಣ್ಣಿನ ಆಕಾರದ 100 ಗ್ರಾಂ ಗುಂಡು ಬೇಕಿತ್ತು. ಕಟ್ಟಡದಲ್ಲಿ ಯಾರದೋ ಮನೆಯ ಫಾಲ್ಸ್ ಸೀಲಿಂಗ್ ಕೆಲಸ ಮುಗಿದು ಅರ್ಧ ಚೀಲ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಉಳಿದಿತ್ತು. ಕೇಳಿ ತಂದ.

ಅವನ ಕೈಕೆಲಸ ಚೆನ್ನಾಗಿತ್ತು, ಇದನ್ನು ಹೇಳಲೇಬೇಕು. ಐಸ್‌ಕ್ರೀಂ ಡಬ್ಬಿಯಲ್ಲಿ ಅರ್ಧ ಪ್ಲಾಸ್ಟರ್ ಹುಯ್ದು, ಅಂಗಡಿಯಿಂದ ತಂದ ಗುಂಡನ್ನು ಅರ್ಧದವರೆಗೆ ಒತ್ತಿದ್ದ. ಗಟ್ಟಿಯಾದ ಮೇಲೆ ನಾಲ್ಕು ಮೂಲೆಯಲ್ಲಿ ಚಮಚದ ತುದಿಯಿಂದ ಗುಳಿ ತೋಡಿದ್ದ. ಎರಡು ಭಾಗ ಸರಿಯಾಗಿ ಕೂಡಲಿ ಎಂದು. ಮೇಲೆ ವ್ಯಾಸಲಿನ್ ಸವರಿ ಇನ್ನರ್ಧ ಹುಯ್ದಿದ್ದ. ಸುರಿಯಲು ಒಂದು ಬಾಯಿ, ಗಾಳಿ ಹೋಗಲು ಸೈಕಲ್ ಕಡ್ಡಿಯಷ್ಟು ಸಣ್ಣ ಒಂದು ತೂತು. ಹೀಗೆ ಎರಡು ಅಚ್ಚು. ಒಂದೊಂದಕ್ಕೂ 500 ಗ್ರಾಂ ಪುಡಿ, 350 ಮಿಲಿ ನೀರು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಲೆಕ್ಕ ಬರೆಯುವವನಲ್ಲವೇ. ಆ ಎರಡು ಅಂಕಿ ಇದ್ದದ್ದರಿಂದಲೇ ಈ ಪ್ರಕರಣವನ್ನು ಇಷ್ಟು ಬಿಡಿಸಿ ನೋಡಲು ಆಯಿತು.

ಅಚ್ಚು ಮಾಡಿದ ದಿನ ಮೆಟ್ಟಿಲ ಮೇಲೆ ಸಿಕ್ಕಾಗ ನನಗೆ ತೋರಿಸಿದ. ನಾನು ಕೈಯಲ್ಲಿ ಹಿಡಿದು ನೋಡಿ, "ಚಲೋ ಆಗೇತಿ ತಮ್ಮಾ, ಚೆನ್ನಾಗಿ ಒಣಗಿಸು" ಎಂದೆ. ಅಷ್ಟೇ ಹೇಳಿದ್ದು. ಚೆನ್ನಾಗಿ ಎಂದರೆ ಎಷ್ಟು ಎಂದು ನಾನು ಹೇಳಲಿಲ್ಲ, ಅವನು ಕೇಳಲಿಲ್ಲ. ಫೌಂಡ್ರಿಯಲ್ಲಿ ಒಬ್ಬ ಹೊಸ ಹುಡುಗನಿಗೆ ಹೀಗೆ ಹೇಳಿದ್ದರೆ ಅವನ ಪಕ್ಕದಲ್ಲಿ ಓವನ್ ಇರುತ್ತಿತ್ತು, ಅದನ್ನು ನೋಡಿಕೊಳ್ಳುವ ಹಳಬ ಇರುತ್ತಿದ್ದ. ಗ್ಯಾಲರಿಯಲ್ಲಿ ಆ ಮಾತಿನ ಹಿಂದೆ ಏನೂ ಇರಲಿಲ್ಲ. ಇದು ನನ್ನ ತಪ್ಪು. ಇವತ್ತಿಗೂ ನನಗೆ ಹಾಗೇ ಅನ್ನಿಸುತ್ತದೆ.

ಅವನು ಎಂಟು ದಿನ ಒಣಗಿಸಿದ. ಗಣಪತಿ ಹಬ್ಬದ ಹಿಂದುಮುಂದಿನ ದಿನಗಳು. ಮಳೆ ಪೂರ್ತಿ ಹೋಗಿರಲಿಲ್ಲ. ಆಗ ಗೋವೆಯಲ್ಲಿ ಒಗೆದ ಬಟ್ಟೆಯೇ ಎರಡು ದಿನ ಬೇಡುತ್ತದೆ, ಮೂರು ಇಂಚು ದಪ್ಪದ ಪ್ಲಾಸ್ಟರ್ ಗಡ್ಡೆಗೆ ಎಂಟು ದಿನ ಯಾವ ಮೂಲೆಗೆ? ಆದರೆ ಮೇಲ್ಮೈ ಬಿಳಿಚಿತ್ತು, ಬೆರಳಿಗೆ ಪುಡಿ ಹತ್ತುತ್ತಿತ್ತು, ಕೆನ್ನೆಗೆ ಇಟ್ಟರೆ ತಂಪು ಅನ್ನಿಸುತ್ತಿರಲಿಲ್ಲ. ಒಣಗಿದೆ ಎನ್ನಲು ಅವನಿಗೆ ಬೇರೆ ಏನು ಬೇಕಿತ್ತು?

ಆ ಭಾನುವಾರ

ಸಂಜೆ ಐದೂವರೆ ಇರಬೇಕು. ಮೇಲಿಂದ ಢಬ್ ಎಂದು ಸದ್ದು. ಕುಕ್ಕರ್ ಹಾರಿತು ಎಂದುಕೊಂಡೆ. ಮರುಕ್ಷಣ ಅವನ ಹೆಂಡತಿ ಮೆಟ್ಟಿಲಿಂದ ಕೂಗಿದಳು, "ಕಾಕಾ, ಲಗೂನ ಬರ್ರಿ!"

ಹೋದಾಗ ತಮ್ಮ ಬಚ್ಚಲಲ್ಲಿ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದ. ಬಲ ಮುಂಗೈ ಮೇಲೆ ಮೂರು ಕಡೆ ಸೀಸದ ಹನಿ ಅಂಟಿತ್ತು. ಪಾದದ ಮೇಲೆ, ಚಪ್ಪಲಿಯ ಪಟ್ಟಿಯ ಸಂದಿಯಲ್ಲಿ ಇನ್ನೊಂದು. ಹುಬ್ಬಿನ ಮೇಲೆ ಒಂದು ಸಣ್ಣ ಕಲೆ. ಕಣ್ಣಿಗೆ ಅವನು ದಿನಾ ಹಾಕುವ ಕನ್ನಡಕ ಇತ್ತು. ಅದರ ಎಡ ಗಾಜಿನ ಮೇಲೆ ಕಡಲೆ ಬೇಳೆಯಷ್ಟು ಸೀಸ ಹತ್ತಿ ಆರಿತ್ತು. ಆ ಗಾಜನ್ನು ನೋಡಿ ನನಗೆ ಕಾಲು ನಡುಗಿತು.

ಅಂಟಿದ ಸೀಸವನ್ನು ಕೀಳಲು ಬಿಡಲಿಲ್ಲ. ಕಿತ್ತರೆ ಚರ್ಮವೂ ಬರುತ್ತದೆ. ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲೇ ನಿಲ್ಲಿಸಿ, ಒಗೆದ ಬಿಳಿ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪಕ್ಕದ ಮನೆಯವರು ಪೇಸ್ಟ್ ಹಚ್ಚಿ ಎಂದರು, ಒಬ್ಬರು ಅರಿಶಿನ ಎಂದರು. ಯಾವುದನ್ನೂ ಹಚ್ಚಲಿಲ್ಲ. ಡಾಕ್ಟರು ಹನಿಗಳನ್ನು ತೆಗೆದು ಡ್ರೆಸಿಂಗ್ ಮಾಡಿದರು. ಪಾದದ ಗಾಯ ಆಳ ಇತ್ತು, ಮಾಯಲು ಐದು ವಾರ ಹಿಡಿಯಿತು. ಮಗು ಆ ಹೊತ್ತಿಗೆ ಒಳಗೆ ಮಲಗಿತ್ತು. ದೇವರ ದಯೆ.

ಮೊದಲನೇ ಗುಂಡು ಏನು ಹೇಳುತ್ತಿತ್ತು

ಮರುದಿನ ಬೆಳಿಗ್ಗೆ ಗ್ಯಾಲರಿ ನೋಡಲು ಹೋದೆ. ಅಚ್ಚು ಎರಡಾಗಿ ಬಿದ್ದಿತ್ತು, ಒಂದು ಭಾಗ ಸೀಳಿತ್ತು. ಪಕ್ಕದಲ್ಲಿ ಒಂದು ಗುಂಡು ಇತ್ತು. ಕೇಳಿದೆ. ಸಿಡಿದದ್ದು ಎರಡನೇ ಸಲ ಸುರಿದಾಗ. ಮೊದಲನೇದು ಸಿಡಿಯಲಿಲ್ಲ, ಸ್ವಲ್ಪ ಗುಳುಗುಳು ಅಂದಿತು, ಗುಂಡು ಅರ್ಧ ಪೊಳ್ಳಾಗಿ ಬಂತು. ಅದೇ ಈ ಗುಂಡು.

"ಸೀಸ ಇನ್ನಷ್ಟು ಕಾಯಬೇಕಿತ್ತೇನೋ ಅನ್ಕೊಂಡೆ ಕಾಕಾ. ಉರಿ ಜಾಸ್ತಿ ಮಾಡಿ, ಎರಡನೇದನ್ನ ಲಗೂ ಲಗೂ ಸುರಿದೆ" ಎಂದ.

ಇಡೀ ಪ್ರಕರಣದ ಗಂಟು ಇಲ್ಲಿದೆ. ಎರಕ ಪೊಳ್ಳಾಗಿ ಬರಲು ಎರಡು ಕಾರಣ ಇರಬಹುದು. ಒಂದು, ಲೋಹ ತಣ್ಣಗಿತ್ತು, ಅಚ್ಚು ತುಂಬುವ ಮೊದಲೇ ಗಟ್ಟಿಯಾಯಿತು. ಆಗ ಅಂಚುಗಳು ಗುಂಡಗೆ ಸುತ್ತಿಕೊಂಡಿರುತ್ತವೆ, ಮಡಿಕೆ ಬಿದ್ದ ಹಾಗೆ ಗೆರೆ ಕಾಣುತ್ತದೆ. ನಾವು ಕೋಲ್ಡ್ ಶಟ್ ಎನ್ನುತ್ತಿದ್ದೆವು. ಇನ್ನೊಂದು, ಒಳಗೆ ಗಾಳಿಯೋ ಹಬೆಯೋ ಸಿಕ್ಕಿಕೊಂಡಿತು. ಆಗ ಪೊಳ್ಳಿನ ಒಳಗೋಡೆ ನುಣುಪಾಗಿ, ಹೊಳೆಯುತ್ತಾ ಇರುತ್ತದೆ. ಗುಳ್ಳೆಯೇ ಅಲ್ಲಿ ಕೂತು ಎದ್ದು ಹೋದ ಹಾಗೆ. ಅದು ಬ್ಲೋ ಹೋಲ್. ತಮ್ಮನ ಮೊದಲ ಗುಂಡಿನ ಪೊಳ್ಳು ಬೆಳ್ಳಿ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು.

ಅಂದರೆ ಅಚ್ಚು ಒದ್ದೆ ಇದೆ ಎಂದು ಮೊದಲ ಗುಂಡೇ ಹೇಳಿತ್ತು. ಅವನು ಅದನ್ನು ಲೋಹ ತಣ್ಣಗಿದೆ ಎಂದು ಓದಿದ. ಉರಿ ಏರಿಸಿದ, ವೇಗವಾಗಿ ಸುರಿದ. ಒದ್ದೆ ಅಚ್ಚಿಗೆ ಮಾಡಬಾರದ ಎರಡೂ ಕೆಲಸ ಒಟ್ಟಿಗೆ ಆದವು. ಆ ಹೊತ್ತಿಗೆ ಮೊದಲ ಸುರಿತದ ಬಿಸಿಯಿಂದ ಒಳಗಿನ ನೀರು ಮೇಲ್ಮೈಗೆ ಬರಲು ಶುರು ಮಾಡಿತ್ತು. ಯಾರೂ ಹೇಳಿಕೊಡದೆ ಇದು ಗೊತ್ತಾಗುವ ವಿಷಯ ಅಲ್ಲ. ನನಗೂ ಒಬ್ಬರು ಹೇಳಿಕೊಟ್ಟಿದ್ದೇ.

ನೀರಿನ ಬಲ ಎಷ್ಟು ಎಂದು ಅವನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಸೀಸ ಕರಗುವುದು 327 ಡಿಗ್ರಿಯಲ್ಲಿ. ಸುರಿಯುವಾಗ ಅದಕ್ಕಿಂತ ಜಾಸ್ತಿಯೇ ಇರುತ್ತದೆ. 100 ಗ್ರಾಂ ಸೀಸಕ್ಕೆ ಅಚ್ಚಿನಲ್ಲಿ ಬೇಕಾದ ಜಾಗ 9 ಮಿಲಿಗೂ ಸ್ವಲ್ಪ ಕಮ್ಮಿ. ಎರಡು ಟೀ ಚಮಚದಷ್ಟು. 1 ಗ್ರಾಂ ನೀರು ಹಬೆಯಾದರೆ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ. 100 ಗ್ರಾಂ ಸೀಸದಲ್ಲಿರುವ ಬಿಸಿ ಹೆಚ್ಚೆಂದರೆ 2 ಗ್ರಾಂ ಚಿಲ್ಲರೆ ನೀರನ್ನು ಹಬೆ ಮಾಡಬಲ್ಲದು. ಅಷ್ಟು ಸಾಕು. ಎರಡು ಚಮಚದ ಗುಳಿಯಲ್ಲಿ ಮೂರು ಲೀಟರ್ ಹಬೆ ಹುಟ್ಟಿದರೆ ಆ ಸಣ್ಣ ಗಾಳಿ ತೂತು ಸಾಲದು, ಅದಕ್ಕೆ ಹೊರಗೆ ಬರಲು ಉಳಿಯುವ ದಾರಿ ಒಂದೇ, ಸುರಿಯುವ ಬಾಯಿ. ಅಲ್ಲಿ ಅವನ ಮುಖ ಇತ್ತು.

ತೂಕದ ಲೆಕ್ಕ

ಎರಡನೇ ಅಚ್ಚನ್ನು ಅವನು ಇನ್ನೂ ಬಳಸಿರಲಿಲ್ಲ. ಅದೇ ಪುಡಿ, ಅದೇ ನೀರು, ಅದೇ ಎಂಟು ದಿನ. ತೂಗೋಣ ಎಂದೆ. ಎರಡೂ ಭಾಗ ಸೇರಿ 655 ಗ್ರಾಂ.

ಪಿಒಪಿ ಎಂದರೆ ಜಿಪ್ಸಮ್ ಕಲ್ಲನ್ನು ಸುಟ್ಟು ಅದರ ನೀರಿನ ಬಹುಪಾಲು ತೆಗೆದ ಪುಡಿ. ಮತ್ತೆ ನೀರು ಕೊಟ್ಟರೆ ಅದು ಆ ನೀರನ್ನು ಕುಡಿದು ತಿರುಗಿ ಜಿಪ್ಸಮ್ ಆಗುತ್ತದೆ. ಗಟ್ಟಿಯಾಗುವುದು ಎಂದರೆ ಅದೇ. ಹೀಗೆ ಕಲ್ಲಾಗಲು 100 ಗ್ರಾಂ ಪುಡಿಗೆ ಬೇಕಾದ ನೀರು 18.6 ಗ್ರಾಂ ಮಾತ್ರ. ಆದರೆ ಅಷ್ಟೇ ನೀರು ಹಾಕಿದರೆ ಕಲಸಲು ಆಗುವುದಿಲ್ಲ, ಹುಯ್ಯಲು ಆಗುವುದಿಲ್ಲ. ಅದಕ್ಕೇ 60, 70 ಗ್ರಾಂ ಹಾಕುತ್ತೇವೆ. ಮಿಕ್ಕಿದ್ದು ಸಣ್ಣ ಸಣ್ಣ ರಂಧ್ರಗಳಲ್ಲಿ ಸುಮ್ನೆ ಕೂತಿರುತ್ತದೆ.

ತಮ್ಮನ ಅಚ್ಚಿಗೆ ಲೆಕ್ಕ ಹಾಕಿ. 500 ಗ್ರಾಂ ಪುಡಿ ಕಲ್ಲಾಗಲು 93 ಗ್ರಾಂ ನೀರು ಸಾಕು. ಹಾಕಿದ್ದು 350. ಮಿಕ್ಕ 257 ಗ್ರಾಂ ಹೊರಗೆ ಹೋಗಬೇಕು. ಪೂರ್ತಿ ಒಣಗಿದರೆ ಅಚ್ಚು 593 ಗ್ರಾಂ ಹತ್ತಿರ ಬರಬೇಕು. ತಕ್ಕಡಿ ತೋರಿಸಿದ್ದು 655. ಅಂದರೆ 60 ಗ್ರಾಂಗೂ ಜಾಸ್ತಿ ನೀರು ಇನ್ನೂ ಒಳಗಿದೆ. ಅರ್ಧ ಲೋಟ ಚಹಾದಷ್ಟು.

ತಮ್ಮ ಅಂಕಿಗಳನ್ನು ನೋಡುತ್ತಾ ಬಹಳ ಹೊತ್ತು ಕೂತ. "ಪುಡಿ, ನೀರು ಎರಡೂ ಬರೆದಿಟ್ಟಿದ್ದೆ ಕಾಕಾ. ಕೂಡಿ ಕಳೆಯೋದು ಮಾತ್ರ ಮಾಡಲಿಲ್ಲ" ಎಂದ. ಅದನ್ನು ಯಾರಾದರೂ ಮಾಡು ಎಂದು ಹೇಳಬೇಕಿತ್ತಲ್ಲ.

ಆ ಅಚ್ಚನ್ನು ನಾನು ತಂದೆ. ಮಗಳು ಎಸೆಯಲು ಇಟ್ಟಿದ್ದ ಹಳೇ ಓವನ್ ಇತ್ತು. ಇನ್ನು ಮುಂದೆ ಅಡುಗೆಗೆ ಬೇಡ ಎಂದು ಅದರ ಮೇಲೆ ಬರೆದು ಬೇರೆ ಇಟ್ಟೆ. ಮೊದಲ ಒಂದು ದಿನ ನೆರಳಲ್ಲೇ ಬಿಟ್ಟು ನೋಡಿದೆವು. 655 ಇದ್ದದ್ದು 640 ಆಯಿತು. ಆಮೇಲೆ ಓವನ್ನಿನ ಅತಿ ಕಮ್ಮಿ ಬಿಸಿಯಲ್ಲಿ ನಾಲ್ಕು ತಾಸು, 612. ಮರುದಿನ 591. ಅದರ ಮರುದಿನ 584. ಇನ್ನೊಂದು ದಿನ ಇಟ್ಟರೂ 584. ತೂಕ ನಿಂತಿತು. ಬಟ್ಟಲಿಗೆ ಅಂಟಿದ್ದು, ತೂತು ಕೊರೆದಾಗ ಉದುರಿದ್ದು ಒಂಬತ್ತು ಗ್ರಾಂ ಹೋಗಿರಬೇಕು. ಹಾಗೆ ನೋಡಿದರೆ ಶುರುವಿನಲ್ಲಿ ಒಳಗಿದ್ದ ನೀರು 71 ಗ್ರಾಂ.

ನಾನು ಚೆನ್ನಾಗಿ ಒಣಗಿಸು ಎಂದಿದ್ದೆನಲ್ಲ, ಅದರ ಅರ್ಥ ಇದು. ತೂಕ ಇಳಿಯುವುದು ನಿಲ್ಲುವವರೆಗೆ.

ಗ್ಯಾಲರಿಯ ನೆಲ

ತೂಕ ಮಾಡಲು ಹೋದ ಆ ಸೋಮವಾರವೇ ಇನ್ನೊಂದು ಕಂಡಿತು. ಹೇಳಬೇಕೆಂದರೆ ಅದೇ ದೊಡ್ಡದು.

ಗ್ಯಾಲರಿಯ ಮೂಲೆಯಲ್ಲಿ ಒಂದು ಪೇಪರ್. ಅದರ ಮೇಲೆ ಬೂದು, ಹಳದಿ ಮಿಶ್ರ ಪುಡಿ. ಕರಗಿದ ಸೀಸದ ಮೇಲೆ ಕೆನೆಯ ಹಾಗೆ ಕಟ್ಟುವ ಕಿಟ್ಟವನ್ನು ಅವನು ಚಮಚದಿಂದ ತೆಗೆದು ಅಲ್ಲಿ ಹಾಕುತ್ತಿದ್ದ. ಹಳದಿ ಕಂಡರೆ ಸೀಸ ಬೇಕಾದ್ದಕ್ಕಿಂತ ತುಂಬಾ ಕಾದಿದೆ ಎಂದೇ ಅರ್ಥ. ಪಕ್ಕದಲ್ಲಿ ಗುಜರಿಯಿಂದ ತಂದ ಚೀಲ. ಒಳಗೆ ಟೈರ್ ಬ್ಯಾಲೆನ್ಸಿಂಗ್ ತೂಕಗಳು, ಹಳೇ ಕೇಬಲಿನ ಸೀಸದ ಸಿಪ್ಪೆ, ಜೊತೆಗೆ ನಾಲ್ಕೈದು ಬ್ಯಾಟರಿ ಪ್ಲೇಟು. ಪ್ಲೇಟ್ ಮುಟ್ಟಿದರೆ ಪುಡಿ ಉದುರುತ್ತಿತ್ತು. ಬ್ಯಾಟರಿ ಸೀಸ ಮನೆಗೆ ಬರಲೇಬಾರದು. ಅದರಲ್ಲಿ ಆಂಟಿಮನಿ, ಆರ್ಸೆನಿಕ್ ಬೆರೆತಿರುತ್ತವೆ. ಅದರ ಕಿಟ್ಟ ಒದ್ದೆಯಾದರೆ ಆರ್ಸೈನ್ ಎಂಬ ವಿಷಗಾಳಿ ಏಳುವ ಅಪಾಯವೂ ಇದೆ. ಹಳೇ ಬ್ಯಾಟರಿ ಎಲ್ಲಿಗೆ ಹೋಗಬೇಕು ಎಂದು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಲ್ಲೇ ಇದೆ. ಗುಜರಿ ಅಂಗಡಿಯ ಚೀಲದ ಮೂಲಕ ಗ್ಯಾಲರಿಗೆ ಅಂತೂ ಅಲ್ಲ.

ಆ ಮೂಲೆಯಿಂದ ನಾಲ್ಕು ಅಡಿ ದೂರದಲ್ಲಿ ಮಗುವಿನ ಚಾಪೆ. ಮೇಲೆ ಪುಟ್ಟ ಸ್ಟೀಲ್ ಪಾತ್ರೆಗಳು, ಒಂದು ಪ್ಲಾಸ್ಟಿಕ್ ಆನೆ.

"ದಿನಾ ಕಸ ಹೊಡೀತೀನಿ ಕಾಕಾ, ನೆಲ ಒರೆಸ್ತೀನಿ. ನೋಡ್ರಿ, ಸ್ವಚ್ಛ ಐತಿ" ಎಂದಳು ಅವನ ಹೆಂಡತಿ. ನಿಜ, ನೆಲ ಕಣ್ಣಿಗೆ ಸ್ವಚ್ಛವೇ ಇತ್ತು. ಅಚ್ಚು ಕೂಡ ಕೈಗೆ ಒಣಗಿಯೇ ಇತ್ತು.

ನಮ್ಮದು ಕಬ್ಬಿಣದ ಫೌಂಡ್ರಿ. ಸೀಸದ ಬಗ್ಗೆ ನನಗೆ ಗೊತ್ತಿದ್ದದ್ದು ಕಮ್ಮಿ. ಆದರೆ ಒಂದು ನೆನಪಿತ್ತು. 1948ರ ಕಾರ್ಖಾನೆ ಕಾಯ್ದೆಯಲ್ಲಿ, ಕೆಲಸದಿಂದ ಬರುವ ಯಾವ ಯಾವ ರೋಗವನ್ನು ಸರ್ಕಾರಕ್ಕೆ ತಿಳಿಸಬೇಕು ಎಂಬ ಪಟ್ಟಿ ಇತ್ತು. ಆ ಪಟ್ಟಿಯ ಮೊದಲ ಸಾಲೇ ಸೀಸದ ವಿಷ. ಕಾರ್ಖಾನೆಯಲ್ಲಿ ಸೀಸ ಕರಗಿಸುವವನಿಗೆ ಮಾಸ್ಕ್, ಬೇರೆ ಬಟ್ಟೆ, ಮನೆಗೆ ಹೋಗುವ ಮೊದಲು ಸ್ನಾನ, ರಕ್ತ ಪರೀಕ್ಷೆ. ಅದೇ ಕೆಲಸ ಗ್ಯಾಲರಿಯಲ್ಲಿ ನಡೆದರೆ ಕೇಳುವವರು ಯಾರು? ಅದೇ ಚಡ್ಡಿಯಲ್ಲಿ ಬಂದು ಮಗುವನ್ನು ಎತ್ತಿಕೊಳ್ಳುತ್ತೇವೆ, ಅಲ್ವಾ?

ಮೂವರ ರಕ್ತವನ್ನೂ ಪರೀಕ್ಷೆ ಮಾಡಿಸಿ ಎಂದು ಹಟ ಹಿಡಿದೆ. ಮಗುವಿನ ಡಾಕ್ಟರು ಕೇಳಿದ ಕೂಡಲೇ ಒಪ್ಪಿದರು. ಬೆರಳು ಚುಚ್ಚಿ ತೆಗೆದ ರಕ್ತ ಬೇಡ ಎಂದರು. ಬೆರಳಿನ ಚರ್ಮದ ಮೇಲೆ ಸೀಸದ ಧೂಳಿದ್ದರೆ ಲೆಕ್ಕ ಸುಳ್ಳೇ ಜಾಸ್ತಿ ತೋರಿಸುತ್ತದೆಯಂತೆ. ಮೊಣಕೈ ಹತ್ತಿರದ ರಕ್ತನಾಳದಿಂದಲೇ ತೆಗೆಸಿದರು. ವರದಿ ಬರಲು ಒಂದು ವಾರ ಹಿಡಿಯಿತು. ಒಂದು ಡೆಸಿಲೀಟರ್‌ಗೆ, ಅಂದರೆ 100 ಮಿಲಿ ರಕ್ತಕ್ಕೆ, ತಮ್ಮನದು 19 ಮೈಕ್ರೋಗ್ರಾಂ ಸೀಸ, ಹೆಂಡತಿಯದು 6, ಮಗುವಿನದು 11.

11 ಎಂದರೆ ಎಷ್ಟು? ಸೀಸಕ್ಕೆ ಇಷ್ಟರವರೆಗೆ ಪರವಾಗಿಲ್ಲ ಎಂಬ ಮಿತಿಯೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 5 ಮುಟ್ಟಿದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು ಎಂದು 2021ರಲ್ಲಿ ಅದು ಹೇಳಿದೆ. ಅಮೆರಿಕದಲ್ಲಿ ಮಕ್ಕಳಿಗೆ ಅದೇ ವರ್ಷ 3.5ನ್ನು ಗೆರೆ ಮಾಡಿಕೊಂಡರು. ರಕ್ತದಿಂದ ಸೀಸ ಎಳೆದು ತೆಗೆಯುವ ಔಷಧಿ ಸಾಮಾನ್ಯವಾಗಿ 45 ದಾಟಿದ ಮಕ್ಕಳಿಗೆ. ಹಾಗಾಗಿ ಈ ಮಗುವಿಗೆ ಔಷಧಿ ಇಲ್ಲ. ಸೀಸದ ದಾರಿ ಮುಚ್ಚುವುದೊಂದೇ ಚಿಕಿತ್ಸೆ.

ಮಗು ಆಡುತ್ತಿತ್ತು, ಉಣ್ಣುತ್ತಿತ್ತು, ಹಾಡು ಹೇಳುತ್ತಿತ್ತು. ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಈ ಪ್ರಮಾಣದಲ್ಲಿ ಸೀಸ ಹೊಟ್ಟೆನೋವು, ವಾಂತಿ ಎಂದು ಕೂಗಿ ಹೇಳುವುದಿಲ್ಲ. ಅದು ತಟ್ಟುವುದು ಬೆಳೆಯುತ್ತಿರುವ ಮಿದುಳಿಗೆ. ಕಲಿಕೆ, ಗಮನ ಇವುಗಳಲ್ಲಿ ವರ್ಷಗಳ ಮೇಲೆ ತೋರುತ್ತದೆ. ದೊಡ್ಡವರ ಹೊಟ್ಟೆಗಿಂತ ಚಿಕ್ಕ ಮಕ್ಕಳ ಹೊಟ್ಟೆ ನುಂಗಿದ ಸೀಸವನ್ನು ನಾಲ್ಕೈದು ಪಟ್ಟು ಜಾಸ್ತಿ ಹೀರುತ್ತದೆ. ಮಗು ನೆಲದ ಮೇಲೆ ಕೈ ಊರುತ್ತದೆ, ಕೈ ಬಾಯಿಗೆ ಹೋಗುತ್ತದೆ. ಹೊಗೆಗಿಂತ ಈ ದಾರಿಯೇ ಮುಖ್ಯ. ತಮ್ಮ ಹೊಗೆ ಬಾರದಿರಲಿ ಎಂದು ಮಗುವನ್ನು ಒಳಗೆ ಕಳಿಸಿ ಬಾಗಿಲು ಹಾಕಿಯೇ ಕರಗಿಸುತ್ತಿದ್ದ. ಅಷ್ಟು ಕಾಳಜಿ ಅವನಿಗಿತ್ತು. ಆದರೆ ಹೊಗೆ ಹೋದ ಮೇಲೆ ಧೂಳು ಅಲ್ಲೇ ಉಳಿಯುತ್ತಿತ್ತು. ಸಂಜೆ ಬಾಗಿಲು ತೆಗೆದರೆ ಮಗು ಚಾಪೆಗೆ ಓಡಿ ಬರುತ್ತಿತ್ತು.

ಆ ಢಬ್ ಆಗದೇ ಹೋಗಿದ್ದರೆ ರಕ್ತ ಪರೀಕ್ಷೆ ಆಗುತ್ತಲೇ ಇರಲಿಲ್ಲ. ಚಮಚದ ಎಂಟು ತಿಂಗಳಲ್ಲಿ ಏನೂ ಆಗಲಿಲ್ಲ ಎಂದು ಮೇಲೆ ಬರೆದೆ. ಆಗುತ್ತಾ ಇತ್ತು, ಕಾಣುತ್ತಿರಲಿಲ್ಲ.

ಸ್ವಚ್ಛ ಮಾಡಿದ್ದು

ಕಸಬರಿಗೆ ಮೊದಲು ನಿಲ್ಲಿಸಿದೆವು. ಒಣ ಕಸ ಹೊಡೆದರೆ ಧೂಳು ಎದ್ದು ಮನೆಯೆಲ್ಲಾ ಹರಡುತ್ತದೆ. ಗ್ಯಾಲರಿಯ ನೆಲ, ಗೋಡೆ, ಕಿಟಕಿಯ ಪಟ್ಟಿ, ಬಟ್ಟೆ ಹಾಕುವ ತಂತಿ ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಸೋಪಿನ ನೀರಲ್ಲಿ ಒರೆಸಿ, ಆ ಬಟ್ಟೆಯನ್ನು ಮತ್ತೆ ಹಿಂಡದೆ ಚೀಲಕ್ಕೆ ಹಾಕಿ ಕಟ್ಟಿದೆವು. ಮೂರು ದಿನ ಹೀಗೇ. ಚಾಪೆ ಹೋಯಿತು. ಪ್ಲಾಸ್ಟಿಕ್ ಆನೆಯನ್ನು ಉಜ್ಜಿ ತೊಳೆದೆವು, ಮಗು ಅತ್ತಿತ್ತು. ಬಾಣಲೆ, ಚಮಚ, ಕಿಟ್ಟ, ಬ್ಯಾಟರಿ ಪ್ಲೇಟು ಎಲ್ಲವನ್ನೂ ಡಬ್ಬಿಯಲ್ಲಿ ಮುಚ್ಚಿ, ಬ್ಯಾಟರಿ ಮರುಬಳಕೆಗೆ ಪರವಾನಗಿ ಇದ್ದವರಿಗೆ ಕೊಟ್ಟ. ಎರೆಯುವಾಗ ಹಾಕುತ್ತಿದ್ದ ಬಟ್ಟೆ ಅಲ್ಲಿಯವರೆಗೆ ಎಲ್ಲರ ಬಟ್ಟೆಯ ಜೊತೆ ಒಂದೇ ಮಷಿನ್ನಿನಲ್ಲಿ ಒಗೆಯುತ್ತಿತ್ತು. ಅದೂ ಚೀಲಕ್ಕೆ ಹೋಯಿತು.

ಮಗುವಿಗೆ ಕಬ್ಬಿಣದ ಅಂಶವೂ ಕಮ್ಮಿ ಇತ್ತು. ಕಬ್ಬಿಣ, ಕ್ಯಾಲ್ಸಿಯಂ ಕಮ್ಮಿ ಇದ್ದರೆ ದೇಹ ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದೆ. ಡಾಕ್ಟರು ಕಬ್ಬಿಣದ ಹನಿ ಕೊಟ್ಟರು, ಹೊಟ್ಟೆ ಖಾಲಿ ಬಿಡಬೇಡಿ ಎಂದರು. ಉಳಿದದ್ದನ್ನು ಊರಿನಿಂದ ಬಂದ ಅಜ್ಜಿ ನೋಡಿಕೊಂಡರು. ರಾಗಿ, ಹಾಲು, ನುಗ್ಗೆ ಸೊಪ್ಪು.

ಒಂದು ತಿಂಗಳ ಮೇಲೆ ಮಗುವಿನದು 8. ನಾಲ್ಕನೇ ತಿಂಗಳಲ್ಲಿ 5. ಈ ಜೂನ್‌ನಲ್ಲಿ 3ಕ್ಕೆ ಬಂತು. ರಕ್ತದಲ್ಲಿನ ಸೀಸ ತಿಂಗಳ ಲೆಕ್ಕದಲ್ಲಿ ಇಳಿಯುತ್ತದೆ. ಎಲುಬಿಗೆ ಸೇರಿದ್ದು ಮಾತ್ರ ವರ್ಷಗಟ್ಟಲೆ ಕೂತಿದ್ದು ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ. ಹಾಗಾಗಿ ತಮ್ಮನ ಅಂಕಿ ಇನ್ನೂ 9ರಲ್ಲೇ ಇದೆ.

ವೆರ್ಣಾದಲ್ಲಿ ಒಂದು ಮಧ್ಯಾಹ್ನ

584 ಗ್ರಾಂಗೆ ನಿಂತ ಆ ಅಚ್ಚು ನಿಜಕ್ಕೂ ಎಷ್ಟು ಒಣಗಿದೆ ಎಂದು ತಮ್ಮನಿಗೆ ತೋರಿಸಬೇಕಿತ್ತು. ನವೆಂಬರಿನಲ್ಲಿ ವೆರ್ಣಾ ಕೈಗಾರಿಕಾ ಪ್ರದೇಶದಲ್ಲಿ ಪರಿಚಯದವರ ಶೆಡ್ ಕೇಳಿದೆ. ಮೂರು ಕಡೆ ತೆರೆದ ಜಾಗ. ಮುಖಕ್ಕೆ ಪೂರ್ತಿ ಶೀಲ್ಡ್, ಸೀಸದ ಧೂಳಿಗೆ ಸರಿಯಾದ ಮಾಸ್ಕ್, ಚರ್ಮದ ಕೈಗವಸು, ಬೂಟು. ತಮ್ಮ ದೂರ ನಿಂತ. ಸುರಿದದ್ದು ನಾನು.

584 ಎಂದರೆ ರಂಧ್ರಗಳ ನೀರು ಹೋಗಿದೆ, ಅಷ್ಟೇ. ಕಲ್ಲಾಗುವಾಗ ಕುಡಿದ 93 ಗ್ರಾಂ ಇನ್ನೂ ಕಲ್ಲಿನಲ್ಲೇ ಇದೆ. ಜಿಪ್ಸಮ್ಮಿನ ತೂಕದಲ್ಲಿ ಐದರಲ್ಲೊಂದು ಪಾಲು ನೀರು. ಬಿಸಿ 100 ಡಿಗ್ರಿ ದಾಟಿ ಏರುತ್ತಾ ಹೋದಂತೆ ಅದು ಆ ನೀರನ್ನೂ ಬಿಟ್ಟುಕೊಡುತ್ತದೆ. ಸೀಸ ಇರುವುದು 350ರ ಮೇಲೆ. ಹಾಗಾಗಿ ಓವನ್ನಿನಲ್ಲಿ ಬಿಸಿಯನ್ನು ನಿಧಾನಕ್ಕೆ ಏರಿಸಿ 200 ಡಿಗ್ರಿಯಲ್ಲಿ ಒಂದು ಹಗಲು ಇಟ್ಟೆ. ತೂಕ 497ಕ್ಕೆ ಇಳಿಯಿತು. ಚೀಲದಿಂದ ತೆಗೆದ ಪುಡಿಯ ತೂಕಕ್ಕೇ ವಾಪಸು ಬಂದ ಹಾಗೆ. ಅಚ್ಚು ಬಿಸಿ ಇರುವಾಗಲೇ ಸುರಿದೆ. ಸೀಸ 370 ಡಿಗ್ರಿ.

ಸಿಡಿಯಲಿಲ್ಲ. ಆದರೆ ಮೊದಲ ಎರಡು ಗುಂಡಿನ ಮೈಮೇಲೆ ಸಿಡುಬಿನ ಹಾಗೆ ಸಣ್ಣ ಗುಳಿ. ಇಷ್ಟೆಲ್ಲಾ ಮಾಡಿದ ಮೇಲೂ ಅಚ್ಚು ಹಬೆ ಬಿಡುತ್ತಲೇ ಇತ್ತು. ಮೂರನೆಯದರಿಂದ ನುಣ್ಣಗೆ ಬಂದವು. ಆರನೆಯದರ ಹೊತ್ತಿಗೆ ಅಚ್ಚಿನ ಅಂಚು ಉದುರತೊಡಗಿತು. ನೀರು ಕಳೆದುಕೊಂಡ ಪ್ಲಾಸ್ಟರ್‌ಗೆ ಬಲ ಇರುವುದಿಲ್ಲ. ಒದ್ದೆ ಇದ್ದರೆ ಸಿಡಿಯುತ್ತದೆ, ಸುಟ್ಟರೆ ಪುಡಿಯಾಗುತ್ತದೆ. ಒಬ್ಬ ಎರಕದವನಾಗಿ ನನ್ನ ಅಭಿಪ್ರಾಯ ಕೇಳಿದರೆ, ಸೀಸಕ್ಕೆ ಪ್ಲಾಸ್ಟರ್ ಸರಿಯಾದ ಅಚ್ಚೇ ಅಲ್ಲ. ಮನೆಗೆ ಸೀಸದ ಎರಕವೇ ಸರಿಯಲ್ಲ.

ತಮ್ಮ ಆರೂ ಗುಂಡು ನೋಡಿದ, ಕೈಗವಸು ಇಲ್ಲದ ಕೈಯಲ್ಲಿ ಮುಟ್ಟಲಿಲ್ಲ. ಅಲ್ಲೇ ಬಿಟ್ಟು ಬಂದ.

ಈಗ ಅವನು ಗಾಳಕ್ಕೆ ಕಟ್ಟುವುದು ಸ್ಟೀಲ್ ನಟ್ಟು, ಹಳೇ ಸ್ಪಾರ್ಕ್ ಪ್ಲಗ್. ಸೀಸದಷ್ಟು ಭಾರ ಯಾವುದೂ ಇಲ್ಲ ಎಂದು ಮೊದಲು ವಾದ ಮಾಡಿದ. ಲೆಕ್ಕ ಹಾಕಿದೆವು. ನೀರಿನೊಳಗೆ ವಸ್ತು ಹಗುರಾಗುತ್ತದಲ್ಲ. ಸಮುದ್ರದ ನೀರಿನಲ್ಲಿ 60 ಗ್ರಾಂ ಸೀಸ 54 ಗ್ರಾಂ ಚಿಲ್ಲರೆ ಎಳೆಯುತ್ತದೆ, 60 ಗ್ರಾಂ ಸ್ಟೀಲ್ 52 ಎಳೆಯುತ್ತದೆ. ಮೂರು ಗ್ರಾಂ ದೊಡ್ಡ ನಟ್ಟು ಕಟ್ಟಿದರೆ ಸರಿಹೋಯಿತು. ಗಾತ್ರ ಮಾತ್ರ ಸುಮಾರು ಒಂದೂವರೆ ಪಟ್ಟು, ಇಳಿತದ ಹೊತ್ತಿನಲ್ಲಿ ಹರಿವು ಸ್ವಲ್ಪ ಜಾಸ್ತಿ ತಳ್ಳುತ್ತದೆ. ಹಂಸಗಳು ಸಾಯುತ್ತಿವೆ ಎಂದು ಬ್ರಿಟನ್ 1987ರಲ್ಲೇ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ಗುಂಡುಗಳನ್ನು ನಿಲ್ಲಿಸಿತು. ಅಲ್ಲಿನವರು ಅಂದಿನಿಂದ ಅವಿಲ್ಲದೆಯೇ ಮೀನು ಹಿಡಿಯುತ್ತಿದ್ದಾರೆ. ತಮ್ಮನೂ ಫೆಬ್ರವರಿಯಲ್ಲಿ ನಟ್ಟು ಕಟ್ಟಿಯೇ ನಾಲ್ಕು ಕಿಲೋ ಚೊಣಕ್ ತಂದ. ನಮ್ಮ ಮನೆಗೂ ಎರಡು ತುಂಡು ಬಂತು.

ಅಚ್ಚನ್ನು ನಾನು ಎಸೆದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸ್ಟೂಲಿನ ಕೆಳಗೆ ಇಟ್ಟಿದ್ದೆ. ವೆರ್ಣಾದಿಂದ ತಂದ ದಿನ ತೂಗಿದಾಗ ಉದುರಿದ್ದು ಹೋಗಿ 491 ಗ್ರಾಂ ಇತ್ತು. ಮೊನ್ನೆ ಜುಲೈ ಮಳೆಯಲ್ಲಿ ತಮ್ಮ ಬಂದಿದ್ದ. ಚೀಲದ ಬಾಯಿ ಬಿಚ್ಚಿ ಹೋಗಿತ್ತು. ತಕ್ಕಡಿ ತರಿಸಿ ಮತ್ತೆ ಇಟ್ಟೆವು. 508. ಒಂದು ಹನಿ ನೀರು ಯಾರೂ ಮುಟ್ಟಿಸಿರಲಿಲ್ಲ.